ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನ ಬಜೆಟ್ ಓದೋದು ಹೇಗೆ: ವರ್ಷದಿಂದ ವರ್ಷಕ್ಕೆ ದುಡ್ಡು ಎಲ್ಲಿ ಕರಗುತ್ತೆ ಅಂತ ಹುಡುಕುವ ದಾರಿ

ಮಾರ್ಚ್ ಬಂತೆಂದರೆ ಕ್ಯಾಲಿಫೋರ್ನಿಯಾದ ಬೇ ಏರಿಯಾದ ನಮ್ಮ ಕನ್ನಡ ಅಪ್ಪ-ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಇದೇ ಮಾತು. ಲೈಬ್ರರಿ ಮೇಡಂನ ತೆಗೀತಾರಂತೆ, ಮ್ಯೂಸಿಕ್ ಕ್ಲಾಸ್ ನಿಲ್ಲಿಸ್ತಾರಂತೆ, ಎರಡು ಎಲಿಮೆಂಟರಿ ಸ್ಕೂಲ್ ಸೇರಿಸಿ ಒಂದು ಮಾಡ್ತಾರಂತೆ. ಅದರ ಬೆನ್ನಿಗೇ ಪ್ರಶ್ನೆಗಳು. ಇಷ್ಟೊಂದು ಪ್ರಾಪರ್ಟಿ ಟ್ಯಾಕ್ಸ್ ಕಟ್ತೀವಲ್ಲ, ಅದೆಲ್ಲಿ ಹೋಯ್ತು? ಶಾಲೆಗಂತ ಬರೋ ಲಾಟರಿ ದುಡ್ಡು ಏನಾಯ್ತು? ಯಾರು ತಿಂದ್ರು?

ಸಾಮಾನ್ಯವಾಗಿ ಯಾರೂ ತಿಂದಿರೋಲ್ಲ. ಜಮಾ ಬರೋದು ಮಗುವಿನ ಹಾಜರಿ ನೋಡಿಕೊಂಡು, ಖರ್ಚು ಹೋಗೋದು ನೌಕರರ ಸಂಬಳದ ಪಟ್ಟಿ ನೋಡಿಕೊಂಡು. ಹಾಜರಿ ಇಳೀತಾ ಇರುತ್ತೆ, ಪಟ್ಟಿ ಏರ್ತಾ ಇರುತ್ತೆ. ಒಂದು ವರ್ಷದ ಲೆಕ್ಕ ನೋಡಿದರೆ ಇದು ಕಣ್ಣಿಗೆ ಬೀಳೋಲ್ಲ. ಐದಾರು ವರ್ಷದ ತಃಖ್ತೆ ಪಕ್ಕಪಕ್ಕ ಇಟ್ಟು ತಾಳೆ ನೋಡಿದರೆ ಮಾತ್ರ ಗೊತ್ತಾಗುತ್ತೆ. ನಾನು ದಾವಣಗೆರೆಯವಳು. ಅಲ್ಲಿ ಒಂದು ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ತಪಾಸಣೆ ನೋಡಿಕೊಳ್ತಿದ್ದೆ, ಇಲ್ಲಿ ಒಂದು ಕಂಪನಿಯ ಅಕೌಂಟ್ಸ್‌ನಲ್ಲಿದ್ದೀನಿ. ಶಾಲೆಯ ಲೆಕ್ಕ ಓದೋಕೆ ಅಷ್ಟೂ ಬೇಕಿಲ್ಲ. ಮನೆಯ ಜಮಾ-ಖರ್ಚು ಬರೆದು ಅಭ್ಯಾಸ ಇದ್ದರೆ ಸಾಕು. ಡಿಸ್ಟ್ರಿಕ್ಟ್ ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ. ಕೆಳಗಿನ ದಾರಿ ಕ್ಯಾಲಿಫೋರ್ನಿಯಾದ್ದು. ಬೇರೆ ರಾಜ್ಯಗಳಲ್ಲಿ ಕಾನೂನು ಬೇರೆ.

ಮೊದಲು ಯಾವ ಕಾಗದ ತೆಗೀಬೇಕು

ಡಿಸ್ಟ್ರಿಕ್ಟ್‌ನ ವೆಬ್‌ಸೈಟಿನಲ್ಲಿ ಬಿಸಿನೆಸ್ ಸರ್ವಿಸಸ್ ಅಥವಾ ಫಿಸ್ಕಲ್ ಸರ್ವಿಸಸ್ ಅನ್ನೋ ಪುಟ ಹುಡುಕಿ. ವರ್ಷಕ್ಕೆ ನಾಲ್ಕು ಕಾಗದ ಸಿಗುತ್ತೆ. ಜುಲೈ 1ರೊಳಗೆ ಬೋರ್ಡ್, ಅಂದರೆ ಡಿಸ್ಟ್ರಿಕ್ಟ್‌ನ ಚುನಾಯಿತ ಮಂಡಳಿ, ಒಪ್ಪುವ ಬಜೆಟ್. ಅಕ್ಟೋಬರ್ 31ರ ಸ್ಥಿತಿ ತೋರಿಸುವ ಫಸ್ಟ್ ಇಂಟೆರಿಮ್, ಇದು ಡಿಸೆಂಬರ್ 15ರೊಳಗೆ ಬರುತ್ತೆ. ಜನವರಿ 31ರ ಸ್ಥಿತಿಯ ಸೆಕೆಂಡ್ ಇಂಟೆರಿಮ್, ಮಾರ್ಚ್ 15ರ ಹೊತ್ತಿಗೆ. ಆಮೇಲೆ ಸೆಪ್ಟೆಂಬರ್‌ನಲ್ಲಿ ಅನ್‌ಆಡಿಟೆಡ್ ಆಕ್ಚುಯಲ್ಸ್, ಅಂದರೆ ನಿಜವಾಗಿ ಆದ ಖರ್ಚು. ಬಜೆಟ್ ಅನ್ನೋದು ಆಸೆ, ಆಕ್ಚುಯಲ್ಸ್ ಅನ್ನೋದು ಆದದ್ದು. ಹಳೆಯ ವರ್ಷಗಳಿಗೆ ಆಕ್ಚುಯಲ್ಸ್ ಮಾತ್ರ ತಗೊಳ್ಳಿ, ಈ ವರ್ಷಕ್ಕೆ ಇತ್ತೀಚಿನ ಇಂಟೆರಿಮ್.

ಒಂದೊಂದೂ ನೂರಿನ್ನೂರು ಪುಟ ಇರುತ್ತೆ, ಹೆದರಬೇಡಿ. ಚೆಂದದ ಚಿತ್ರಗಳಿರುವ ಸ್ಲೈಡ್‌ಗಳನ್ನು ಪಕ್ಕಕ್ಕಿಡಿ. ಕೇಕ್ ಹೋಳಿನಂಥ ಆ ಚಿತ್ರ ನೋಡಿ ಯಾವ ಡಿಸ್ಟ್ರಿಕ್ಟ್ ಮುಳುಗ್ತಿದೆ ಅಂತ ಯಾರಿಗೂ ತಿಳಿಯೋಲ್ಲ. ರಾಜ್ಯದ ಎಲ್ಲ ಡಿಸ್ಟ್ರಿಕ್ಟ್‌ಗಳೂ ಒಂದೇ ನಮೂನೆಯಲ್ಲಿ ಲೆಕ್ಕ ಕೊಡಬೇಕು ಅಂತ ನಿಯಮ ಇದೆ. ಅದರಲ್ಲಿ ಫಾರ್ಮ್ 01 ಅನ್ನೋದು ಜನರಲ್ ಫಂಡ್, ನಮಗೆ ಬೇಕಾದ್ದು ಅದೇ. ಜೊತೆಗೆ ಮಲ್ಟಿ-ಇಯರ್ ಪ್ರೊಜೆಕ್ಷನ್ ಅನ್ನೋ ಪುಟ, ಹಾಜರಿಯ ಪುಟ. ಇಷ್ಟು ಸಾಕು.

ಫಾರ್ಮ್ 01ರಲ್ಲಿ ಅನ್‌ರಿಸ್ಟ್ರಿಕ್ಟೆಡ್, ರಿಸ್ಟ್ರಿಕ್ಟೆಡ್, ಒಟ್ಟು ಅಂತ ಕಾಲಂಗಳಿರುತ್ತೆ. ಒಟ್ಟು ಕಾಲಂ ನೋಡಬೇಡಿ, ಅದರಲ್ಲಿ ಇಂಥದ್ದಕ್ಕೇ ಖರ್ಚು ಮಾಡಬೇಕು ಅಂತ ಕಟ್ಟು ಹಾಕಿ ಕೊಟ್ಟ ದುಡ್ಡೂ ಸೇರಿ ಅಂಕಿ ಉಬ್ಬಿರುತ್ತೆ. ಅನ್‌ರಿಸ್ಟ್ರಿಕ್ಟೆಡ್ ಕಾಲಂನಲ್ಲಿ ಸೀದಾ ಇ (E) ಅನ್ನೋ ಸಾಲಿಗೆ ಹೋಗಿ. ವರ್ಷದ ಕೊನೆಗೆ ಶಿಲ್ಕು ಹೆಚ್ಚಾಯ್ತಾ ಕಡಿಮೆಯಾಯ್ತಾ ಅಂತ ಆ ಒಂದೇ ಸಾಲು ಹೇಳುತ್ತೆ. ಅಂಕಿ ಬ್ರಾಕೆಟ್ಟಿನೊಳಗಿದ್ದರೆ ಕೊರತೆ. ಐದಾರು ವರ್ಷದ ಆ ಒಂದು ಸಾಲನ್ನು ಎಕ್ಸೆಲ್ ಹಾಳೆಗೆ ಇಳಿಸಿಕೊಳ್ಳಿ. ಬ್ರಾಕೆಟ್ಟು ಒಂದು ವರ್ಷ ಬಂದು ಹೋಗಿದ್ದರೆ ಚಿಂತೆಯಿಲ್ಲ. ಸಾಲಾಗಿ ಮೂರು ವರ್ಷ ಇದ್ದರೆ ಮುಂದಕ್ಕೆ ಓದಿ.

ಮನೆ ಬೆಲೆ ಏರಿದರೆ ಶಾಲೆಗೇನು ಬಂತು

ನಮ್ಮವರು ಜಾಸ್ತಿ ಎಡವೋದು ಇಲ್ಲಿ. ಎರಡು ಮಿಲಿಯನ್ ಡಾಲರ್ ಮನೆಗಳಿರುವ ಬೀದಿಯಲ್ಲಿ ಶಾಲೆಗೆ ದುಡ್ಡಿಲ್ಲ ಅಂದರೆ ನಂಬೋದು ಹೇಗೆ?

1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರೊಪೊಸಿಷನ್ 13 ಅನ್ನೋ ಕಾನೂನು ಪಾಸು ಮಾಡಿದರು. ಆಸ್ತಿ ತೆರಿಗೆ ಮೂಲತಃ ಶೇ. 1 ಮೀರುವಂತಿಲ್ಲ. ತೆರಿಗೆಗೆ ಲೆಕ್ಕ ಹಿಡಿಯುವ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ, ಮನೆ ಮಾರಾಟವಾಗುವವರೆಗೆ. ಹಾಗಾಗಿ ಎಂಬತ್ತರ ದಶಕದಲ್ಲಿ ಮನೆ ಕೊಂಡು ಅಲ್ಲೇ ಇರುವ ಪಕ್ಕದ ಮನೆ ಅಜ್ಜ ಕಟ್ಟೋದು ನೀವು ಕಟ್ಟುವ ತೆರಿಗೆಯ ಒಂದು ಚೂರು. ಅದಿರಲಿ. ಅದಕ್ಕಿಂತ ದೊಡ್ಡ ವಿಷಯ ಅಂದರೆ, ನೀವು ಹೆಚ್ಚು ಕಟ್ಟಿದರೂ ಬಹುತೇಕ ಡಿಸ್ಟ್ರಿಕ್ಟ್‌ಗಳಿಗೆ ಅದರಿಂದ ಒಂದು ಡಾಲರೂ ಹೆಚ್ಚಿಗೆ ಸಿಗೋಲ್ಲ. 2013-14ರಿಂದ ಜಾರಿಯಲ್ಲಿರುವ ಲೋಕಲ್ ಕಂಟ್ರೋಲ್ ಫಂಡಿಂಗ್ ಫಾರ್ಮುಲಾ ಪ್ರಕಾರ ನಿಮ್ಮ ಡಿಸ್ಟ್ರಿಕ್ಟ್‌ಗೆ ಇಷ್ಟು ಸಲ್ಲಬೇಕು ಅಂತ ಮೊದಲೇ ಲೆಕ್ಕ ಆಗಿರುತ್ತೆ. ಅದರಲ್ಲಿ ಊರಿನ ಆಸ್ತಿ ತೆರಿಗೆ ಎಷ್ಟು ಬಂತೋ ಅಷ್ಟು ಕಳೆದು, ಉಳಿದದ್ದನ್ನು ರಾಜ್ಯ ತುಂಬಿಕೊಡುತ್ತೆ. ಊರಿನ ತೆರಿಗೆ ಹೆಚ್ಚಿದರೆ ರಾಜ್ಯ ಕೊಡೋದು ಅಷ್ಟೇ ಕಡಿಮೆಯಾಗುತ್ತೆ.

ಇದಕ್ಕೆ ಹೊರತಾದವೂ ಇವೆ. ಪಾಲೊ ಆಲ್ಟೊದಂಥ ಕಡೆ ಊರಿನ ತೆರಿಗೆಯೇ ಫಾರ್ಮುಲಾದ ಅಂಕಿಯನ್ನು ದಾಟಿಬಿಡುತ್ತೆ, ಆ ಹೆಚ್ಚುವರಿ ಅವರಿಗೇ ಉಳಿಯುತ್ತೆ. ಇಂಥವನ್ನು ಬೇಸಿಕ್ ಏಡ್ ಡಿಸ್ಟ್ರಿಕ್ಟ್ ಅಂತಾರೆ. ನಿಮ್ಮದು ಆ ಪಂಗಡವಾ ಅಂತ ಮೊದಲೇ ಕೇಳಿಕೊಳ್ಳಿ. ಬೇಸಿಕ್ ಏಡ್‌ನಲ್ಲಿ ಮಕ್ಕಳು ಕಡಿಮೆಯಾದರೆ ತಲಾ ದುಡ್ಡು ಹೆಚ್ಚಾಗುತ್ತೆ, ಕಥೆ ಪೂರ್ತಿ ತಿರುವುಮುರುವು. ಕುಪರ್ಟಿನೊ ಕಡೆಯವರೂ ಪಾಲೊ ಆಲ್ಟೊದವರೂ ಸ್ಯಾನ್ ಹೋಸೆಯವರೂ ಒಂದೇ ಗುಂಪಿನಲ್ಲಿ ಕೂತು ಬಜೆಟ್ ಬಗ್ಗೆ ಜಗಳ ಆಡೋದರಿಂದ ಏನೂ ಬಗೆಹರಿಯದೆ ಇರೋದು ಇದಕ್ಕೇ. ಇಲ್ಲಿಂದ ಮುಂದೆ ನಾನು ಹೇಳೋದು ಬೇಸಿಕ್ ಏಡ್ ಅಲ್ಲದ, ಹಾಜರಿ ಮೇಲೆ ನಡೆಯುವ ಡಿಸ್ಟ್ರಿಕ್ಟ್‌ಗಳ ಮಾತು. ಹೆಚ್ಚಿನವು ಅವೇ.

ಹಾಜರಿಯ ಸಾಲು

ಈ ರಾಜ್ಯದಲ್ಲಿ ದುಡ್ಡು ಬರೋದು ದಾಖಲಾತಿಗೆ ಅಲ್ಲ. ಸರಾಸರಿ ದಿನದ ಹಾಜರಿಗೆ. ಎಡಿಎ ಅಂತ ಕಾಗದದ ತುಂಬ ಕಾಣುತ್ತೆ. 2024-25ರಲ್ಲಿ ನಾಲ್ಕರಿಂದ ಆರನೇ ಕ್ಲಾಸಿನ ಒಂದು ಎಡಿಎಗೆ ಮೂಲ ಅನುದಾನ 10,177 ಡಾಲರ್, ಹೈಸ್ಕೂಲಿಗೆ 12,144. ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಫಾಸ್ಟರ್ ಮನೆಗಳಲ್ಲಿ (ಹೆತ್ತವರಲ್ಲದವರ ಬಳಿ) ಬೆಳೆಯುವ ಮಕ್ಕಳಿಗೆ ಇದರ ಮೇಲೆ ಶೇ. 20 ಸೇರುತ್ತೆ. ಅಂಥವರು ಶೇ. 55 ದಾಟಿದರೆ ದಾಟಿದ ಭಾಗಕ್ಕೆ ಇನ್ನೂ ಸೇರುತ್ತೆ. ಸಾಫ್ಟ್‌ವೇರ್ ಸಂಬಳದ ನೆರೆಹೊರೆಗಳಲ್ಲಿ ಈ ಸೇರಿಕೆ ಅಷ್ಟಕ್ಕಷ್ಟೇ. ಶ್ರೀಮಂತರ ಊರು ಅನ್ನಿಸಿಕೊಂಡ ಡಿಸ್ಟ್ರಿಕ್ಟ್‌ಗೆ ತಲಾ ದುಡ್ಡು ಕಡಿಮೆ ಇರೋದು ಹೀಗೆ. ನನಗೆ ಇದು ನ್ಯಾಯವಾಗೇ ಕಾಣುತ್ತೆ. ಆದರೆ ಗೊತ್ತಿರಬೇಕು.

ಮಗು ಜ್ವರ ಬಂದು ಮಲಗಿದ್ದರೂ ಆ ದಿನದ ದುಡ್ಡು ಬರೋಲ್ಲ. ಚೀಟಿ ಬರೆದು ಕೊಟ್ಟರೆ ಮಗುವಿನ ಮೇಲೆ ಆಕ್ಷೇಪಣೆ ಬರೋಲ್ಲ, ಅಷ್ಟೇ. ಇನ್ನು ನಮ್ಮ ಡಿಸೆಂಬರ್ ಪ್ರಯಾಣ. ಟಿಕೆಟ್ ಅಗ್ಗ ಸಿಗುತ್ತೆ ಅಂತ ರಜೆಗೆ ಒಂದು ವಾರ ಮೊದಲೇ ಹೊರಟು, ಸಂಕ್ರಾಂತಿ ಮುಗಿಸಿಕೊಂಡು ಬರೋ ಮನೆಗಳು ಎಷ್ಟಿಲ್ಲ! ಸರಾಸರಿ ಹಾಜರಿಯ ಲೆಕ್ಕ ಮುಗಿಯೋದು ಏಪ್ರಿಲ್ 15ರ ಹೊತ್ತಿಗೆ. ಅಷ್ಟರಲ್ಲಿ ಸುಮಾರು 135 ದಿನ ಶಾಲೆ ನಡೆದಿರುತ್ತೆ ಅಂತ ಇಟ್ಟುಕೊಳ್ಳಿ. ಅದರಲ್ಲಿ 15 ದಿನ ಗೈರಾದರೆ ಮಗುವಿನ ದುಡ್ಡಿನ ಒಂಬತ್ತನೇ ಒಂದು ಭಾಗ ಹೋಯಿತು, ಅಂದರೆ ಸಾವಿರ ಡಾಲರ್‌ಗೂ ಮೇಲೆ. ಅಂಥ ಮಕ್ಕಳು ಇನ್ನೂರು ಇದ್ದರೆ ಒಬ್ಬ ಟೀಚರ್‌ನ ಸಂಬಳ, ಇನ್ಶೂರೆನ್ಸ್, ಪಿಂಚಣಿ ಎಲ್ಲ ಆರಾಮಾಗಿ ಹೋಗುತ್ತೆ. ಮೇ ತಿಂಗಳಲ್ಲಿ ಅದೇ ಹದಿನೈದು ದಿನ ಹೋದರೆ ಡಿಸ್ಟ್ರಿಕ್ಟ್‌ಗೆ ಏನೂ ನಷ್ಟವಿಲ್ಲ. ವಿಚಿತ್ರ, ಆದರೆ ಲೆಕ್ಕ ಹಾಗಿದೆ.

ಹೋಗಬೇಡಿ ಅಂತ ಹೇಳೋಕೆ ನಾನ್ಯಾರು. ನಮ್ಮತ್ತೆಗೆ ಎಂಬತ್ತು ದಾಟಿದೆ, ನಾವೂ ಹೋಗ್ತೀವಿ. ಹೊರಡುವ ಮುಂಚೆ ಶಾಲೆಯ ಆಫೀಸಿಗೆ ಹೋಗಿ ಇಂಡಿಪೆಂಡೆಂಟ್ ಸ್ಟಡಿ ಕಾಗದ ಕೇಳಿ. ಪೋಷಕರು, ಮಗು, ಶಿಕ್ಷಕರು ಸಹಿ ಮಾಡಬೇಕು. ಹೋಮ್‌ವರ್ಕ್ ಕಟ್ಟು ತಗೊಂಡು ಹೋಗಿ, ಮಾಡಿಸಿ, ವಾಪಸ್ ಬಂದು ಒಪ್ಪಿಸಿದರೆ ಆ ದಿನಗಳು ಹಾಜರಿಗೆ ಸೇರುತ್ತೆ. ನಮ್ಮ ಶಾಲೆಯ ಆಫೀಸಿನಾಕೆ ನವೆಂಬರ್‌ನಲ್ಲೇ ಆ ಕಾಗದಗಳ ಒಂದು ಕಟ್ಟು ಕೌಂಟರ್ ಮೇಲೆ ತೆಗೆದಿಟ್ಟುಕೊಂಡಿರುತ್ತಾರೆ, ನಮ್ಮ ಮುಖ ಕಂಡರೆ ಸಾಕು, 'ಬೆಂಗಳೂರಾ, ಹೈದರಾಬಾದಾ?' ಅಂತ ಕೇಳಿಯೇ ಪೆನ್ನು ಕೊಡೋದು. ಹೋಮ್‌ವರ್ಕ್ ಮಾಡಿಸದೆ ತಂದರೆ ಮಾತ್ರ ಸಹಿ ಮಾಡಿದ್ದೂ ದಂಡ.

ಈಗ ಹಾಜರಿಯ ಪುಟದಲ್ಲಿ ಎರಡು ಮರೆಗಳನ್ನು ಸರಿಸಬೇಕು.

ಒಂದು, ದುಡ್ಡು ಕೊಡುವಾಗ ರಾಜ್ಯ ಈ ವರ್ಷದ ಹಾಜರಿ, ಹೋದ ವರ್ಷದ್ದು, ಹಿಂದಿನ ಮೂರು ವರ್ಷದ ಸರಾಸರಿ, ಈ ಮೂರರಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯುತ್ತೆ. 2022-23ರಿಂದ ಹೀಗಿದೆ. ಮಕ್ಕಳು ಇಳಿಮುಖವಾಗಿರುವ ಕಡೆ ಸಿಗೋದು ಹಳೆಯ ಹಾಜರಿಯ ದುಡ್ಡು. ಏಟು ಬಿದ್ದ ವರ್ಷ ನೋವಾಗೋಲ್ಲ, ಎರಡು ಮೂರು ವರ್ಷ ಬಿಟ್ಟು ಆಗುತ್ತೆ. ಹಾಗಾಗಿ ಫಂಡೆಡ್ ಎಡಿಎ, ನಿಜವಾದ ಎಡಿಎ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ. ಅವೆರಡರ ನಡುವಿನ ಅಂತರ ಎಷ್ಟೋ, ಮುಂದೆ ಕಾದಿರುವ ಕುಸಿತವೂ ಹೆಚ್ಚುಕಡಿಮೆ ಅಷ್ಟೇ.

ಇನ್ನೊಂದು, ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್. ನಾಲ್ಕು ವರ್ಷದ ಮಕ್ಕಳನ್ನು ಹಂತಹಂತವಾಗಿ ಸೇರಿಸಿಕೊಳ್ತಾ 2025-26ಕ್ಕೆ ಎಲ್ಲರಿಗೂ ಬಾಗಿಲು ತೆರೆದರು. ಒಂದು ಹೊಸ ತರಗತಿಯೇ ಬಂದಂತಾಯ್ತು. ಒಟ್ಟು ಸಂಖ್ಯೆ 'ಸ್ಥಿರವಾಗಿದೆ' ಅಂತ ಸ್ಲೈಡಿನಲ್ಲಿ ಬರೆದಿದ್ದರೆ ಈ ಪುಟಾಣಿಗಳನ್ನು ತೆಗೆದು ಮತ್ತೆ ಕೂಡಿ ನೋಡಿ. ಐದನೇ ಕ್ಲಾಸಿನಿಂದ ಎಷ್ಟು ಮಕ್ಕಳು ಹೊರಗೆ ಹೋದರು, ಕಿಂಡರ್‌ಗಾರ್ಟನ್‌ಗೆ ಎಷ್ಟು ಬಂದರು, ಈ ಎರಡು ಅಂಕಿ ಹೋಲಿಸಿದರೆ ಮುಂದಿನ ಐದು ವರ್ಷ ನಿಮ್ಮ ಅಂಗೈಯಲ್ಲಿರುತ್ತೆ.

ಮಕ್ಕಳು ಎಲ್ಲಿ ಹೋದರು ಅಂದರೆ, ಮುಖ್ಯವಾಗಿ ಹುಟ್ಟಲೇ ಇಲ್ಲ. 1990ರಲ್ಲಿ ಈ ರಾಜ್ಯದಲ್ಲಿ ಆರು ಲಕ್ಷಕ್ಕೂ ಮೇಲೆ ಹೆರಿಗೆ ಆಗಿದ್ದವು, ಈಗ ನಾಲ್ಕು ಲಕ್ಷದ ಆಸುಪಾಸು. ಜೊತೆಗೆ ಬಾಡಿಗೆ ತಾಳಲಾರದೆ ಟೆಕ್ಸಸ್‌ಗೋ ಸ್ಯಾಕ್ರಮೆಂಟೊ ಕಡೆಗೋ ಹೊರಟವರು, ಚಾರ್ಟರ್ ಶಾಲೆಗೆ (ಸರ್ಕಾರಿ ದುಡ್ಡಿನಲ್ಲೇ ಸ್ವತಂತ್ರವಾಗಿ ನಡೆಯುವ ಶಾಲೆ) ಸೇರಿಸಿದವರು. ಇಡೀ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2019-20ರಲ್ಲಿ ಸುಮಾರು 62 ಲಕ್ಷ ಮಕ್ಕಳಿದ್ದರು, 2023-24ಕ್ಕೆ ಸುಮಾರು 58 ಲಕ್ಷ. ಡಿಸ್ಟ್ರಿಕ್ಟ್ ನಡೆಸೋಕೆ ಯಾವ ಸೂಪರಿಂಟೆಂಡೆಂಟ್ ಬಂದರೂ ಇದನ್ನು ತಿರುಗಿಸೋಕಾಗೋಲ್ಲ.

ಮಕ್ಕಳು ಕಡಿಮೆಯಾದರೆ ಖರ್ಚೂ ಕಡಿಮೆಯಾಗಬೇಕಲ್ಲ?

ದಾವಣಗೆರೆ-ಹರಿಹರ ಬಸ್ಸಿನಲ್ಲಿ ನಾಲ್ಕು ಸೀಟು ಖಾಲಿ ಬಿದ್ದರೆ ಡೀಸೆಲ್ ಉಳಿಯುತ್ತಾ? ಡ್ರೈವರ್ ಸಂಬಳ ಉಳಿಯುತ್ತಾ? ಲೆಕ್ಕಕ್ಕೆಂದು ಎಂಟು ಎಲಿಮೆಂಟರಿ ಶಾಲೆ ಇರುವ ಒಂದು ಡಿಸ್ಟ್ರಿಕ್ಟ್ ತಗೊಳ್ಳಿ. ಕಿಂಡರ್‌ಗಾರ್ಟನ್‌ನಿಂದ ಐದರವರೆಗೆ ಆರು ತರಗತಿ. ಒಂದು ವರ್ಷದಲ್ಲಿ 96 ಮಕ್ಕಳು ಕಡಿಮೆಯಾದರು. ಒಂದೊಂದು ಶಾಲೆಯ ಒಂದೊಂದು ತರಗತಿಗೆ ಹಂಚಿದರೆ ಇಬ್ಬರು ಮಕ್ಕಳು. ಆ ತರಗತಿಗೆ ಮೂರು ಸೆಕ್ಷನ್ ಇದ್ದರೆ ಒಂದು ಸೆಕ್ಷನ್‌ಗೆ ಒಬ್ಬನೂ ಪೂರ್ತಿ ಕಡಿಮೆಯಾಗಿಲ್ಲ. ಯಾವ ಟೀಚರನ್ನು ತೆಗೀತೀರಿ? ಯಾವ ದೀಪ ಆರಿಸ್ತೀರಿ? ಹೋದ ದುಡ್ಡು ಮಾತ್ರ ಸುಮಾರು ಒಂಬತ್ತು ಲಕ್ಷ ಡಾಲರ್.

ಇಂಥ ಕಡೆ ಖರ್ಚು ನಿಜವಾಗಿ ಇಳಿಸೋದಕ್ಕೆ ಇರುವ ದೊಡ್ಡ ದಾರಿ ಒಂದು ಶಾಲೆ ಮುಚ್ಚೋದು. ಅದನ್ನು ಯಾರೂ ಇಷ್ಟಪಡೋಲ್ಲ, ಬೋರ್ಡಿನವರಂತೂ ಮತ್ತೆ ಚುನಾವಣೆಗೆ ನಿಲ್ಲಬೇಕು. ಹಾಗಾಗಿ ಮುಂದೂಡುತ್ತಾರೆ. ಓಕ್ಲೆಂಡ್ ನೋಡಿ. 2000ದ ಸುಮಾರಿಗೆ ಅಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು, ಈಗ ಡಿಸ್ಟ್ರಿಕ್ಟ್ ನಡೆಸುವ ಶಾಲೆಗಳಲ್ಲಿ ಮೂವತ್ತನಾಲ್ಕು ಸಾವಿರದ ಆಸುಪಾಸು. ಶಾಲೆಗಳು ಇನ್ನೂ ಸುಮಾರು 80. ಹೆಚ್ಚುಕಡಿಮೆ ಅಷ್ಟೇ ಮಕ್ಕಳಿರುವ ಫ್ರೀಮಾಂಟ್‌ನಲ್ಲಿ ಅದರ ಅರ್ಧದಷ್ಟು ಶಾಲೆಗಳು ಸಾಕಾಗಿವೆ. 2022ರ ಫೆಬ್ರವರಿಯಲ್ಲಿ ಓಕ್ಲೆಂಡ್ ಬೋರ್ಡ್ ಕೆಲವು ಶಾಲೆ ಮುಚ್ಚೋಕೆ ಮತ ಹಾಕಿತು. ಮುಷ್ಕರ, ಮೆರವಣಿಗೆ, ಇಬ್ಬರು ಶಿಕ್ಷಕರ ಉಪವಾಸ ಎಲ್ಲ ಆಯ್ತು. ಚುನಾವಣೆಯಲ್ಲಿ ಬೋರ್ಡ್ ಬದಲಾಯ್ತು, 2023ರ ಜನವರಿಯಲ್ಲಿ ಇನ್ನೂ ಮುಚ್ಚದೆ ಉಳಿದಿದ್ದ ಶಾಲೆಗಳ ವಿಷಯದಲ್ಲಿ ಆ ತೀರ್ಮಾನ ರದ್ದಾಯ್ತು. ಮುಚ್ಚುವ ಪಟ್ಟಿಯಲ್ಲಿದ್ದ ಶಾಲೆಗಳ ನೆರೆಹೊರೆ ಯಾವುದು ಅಂತ ನೋಡಿದರೆ ಅಲ್ಲಿನ ಕಪ್ಪು ಕುಟುಂಬಗಳ ಸಿಟ್ಟು ನ್ಯಾಯವಾದದ್ದು ಅಂತಲೇ ಅನ್ನಿಸುತ್ತೆ. ಕೊರತೆ ಮಾತ್ರ ಸಿಟ್ಟಿಗೆ ಕರಗೋಲ್ಲ.

ಸಂಬಳದ ಪಟ್ಟಿ

ಫಾರ್ಮ್ 01ರಲ್ಲಿ 1000ದಿಂದ ಶುರುವಾಗುವ ಬಾಬತ್ತು ಶಿಕ್ಷಕರ ಸಂಬಳ. 2000 ಅಂದರೆ ಆಫೀಸಿನವರು, ಸಹಾಯಕರು, ಬಸ್ಸು, ಅಡುಗೆಮನೆ, ಕಸ ಗುಡಿಸುವವರು. 3000 ಅಂದರೆ ಪಿಂಚಣಿ, ಆರೋಗ್ಯ ವಿಮೆ. ಈ ಮೂರೂ ಸೇರಿ ಅನ್‌ರಿಸ್ಟ್ರಿಕ್ಟೆಡ್ ಖರ್ಚಿನಲ್ಲಿ ಸಿಂಹಪಾಲು. ಪೆನ್ಸಿಲ್, ಕಾಗದ, ಚಹಾ ಉಳಿಸಿ ಡಿಸ್ಟ್ರಿಕ್ಟ್ ಉಳಿಸಿದವರು ಯಾರೂ ಇಲ್ಲ.

ಒಂದು ಪೈಸೆ ಸಂಬಳ ಏರಿಸದಿದ್ದರೂ ಈ ಪಟ್ಟಿ ಏರುತ್ತೆ. ಸಂಬಳದ ಕೋಷ್ಟಕದಲ್ಲಿ ಟೀಚರ್ ಸಾಮಾನ್ಯವಾಗಿ ವರ್ಷಕ್ಕೊಂದು ಮೆಟ್ಟಿಲು ಮೇಲೆ ಹೋಗ್ತಾರೆ, ಕೋರ್ಸ್ ಮಾಡಿದರೆ ಪಕ್ಕದ ಹೆಚ್ಚಿನ ಸಂಬಳದ ಕಾಲಂಗೆ. ಇದಕ್ಕೇ ವರ್ಷಕ್ಕೆ ಶೇ. 1.5ರ ಆಸುಪಾಸು ಬೇಕಾಗುತ್ತೆ. ಕಡಿತ ಬಂದಾಗ ಇದು ಇನ್ನೂ ಬಿಗಿಯಾಗುತ್ತೆ. ಮಾರ್ಚ್ 15ರೊಳಗೆ ನೋಟಿಸ್ ಕೊಡಬೇಕು, ಸೇವಾ ಹಿರಿತನದ ಪ್ರಕಾರ ಕೊನೆಗೆ ಸೇರಿದವರು ಮೊದಲು ಹೋಗಬೇಕು. ಹೋಗೋರು ಕಡಿಮೆ ಸಂಬಳದ ಹುಡುಗ-ಹುಡುಗಿಯರು, ಉಳಿಯೋರು ಮೇಲಿನ ಮೆಟ್ಟಿಲಿನವರು. ತಲೆ ಎಣಿಕೆ ಇಳಿದಷ್ಟು ಖರ್ಚು ಇಳಿಯೋಲ್ಲ.

ಪಿಂಚಣಿಯ ಸಾಲಿಗೆ ಬೆರಳಿಟ್ಟು ನೋಡಿ. ಶಿಕ್ಷಕರ ಪಿಂಚಣಿ ನಿಧಿ ಕ್ಯಾಲ್‌ಸ್ಟರ್ಸ್‌ಗೆ ಡಿಸ್ಟ್ರಿಕ್ಟ್ ಕಟ್ಟುತ್ತಿದ್ದದ್ದು 2013-14ರವರೆಗೆ ಸಂಬಳದ ಶೇ. 8.25. ನಿಧಿಯಲ್ಲಿ ಹಳ್ಳ ಬಿದ್ದಿದೆ ಅಂತ 2014ರಲ್ಲಿ ಕಾನೂನು ಬದಲಾಯಿಸಿದರು, 2022-23ಕ್ಕೆ ಅದು ಶೇ. 19.1 ಆಯ್ತು. ಹತ್ತು ಮಿಲಿಯನ್ ಡಾಲರ್ ಸಂಬಳಕ್ಕೆ 8,25,000 ಕಟ್ಟುತ್ತಿದ್ದವರು 19,10,000 ಕಟ್ಟಬೇಕು. ಉಳಿದ ನೌಕರರ ಕ್ಯಾಲ್‌ಪರ್ಸ್ ದರ 2024-25ರಲ್ಲಿ ಶೇ. 27.05. ಇದರಿಂದ ಇವತ್ತಿನ ಯಾವ ಮಗುವಿಗೂ ಒಂದು ಹೊಸ ಪುಸ್ತಕ ಬಂದಿಲ್ಲ, ಟೀಚರ್ ಕೈಗೂ ಒಂದು ಡಾಲರ್ ಹೆಚ್ಚಿಗೆ ಬಂದಿಲ್ಲ. ಹಿಂದಿನವರು ಕಟ್ಟದೆ ಬಿಟ್ಟ ಬಾಕಿ ಇದು. ಆದ್ದರಿಂದ 'ಯೂನಿಯನ್‌ನವರ ದುರಾಸೆ' ಅಂತ ಗುಂಪಿನಲ್ಲಿ ಬರೆಯೋ ಮೊದಲು 3000ದ ಸಾಲಿನಲ್ಲಿ ಎಷ್ಟು ಏರಿದೆ, 1000ದಲ್ಲಿ ಎಷ್ಟು ಏರಿದೆ ಅಂತ ಬೇರೆ ಮಾಡಿ ನೋಡಿ. ನನ್ನ ಮಗಳ ಮೂರನೇ ಕ್ಲಾಸಿನ ಟೀಚರ್ ದಿನಾ ಟ್ರೇಸಿಯಿಂದ ಕಾರು ಓಡಿಸಿಕೊಂಡು ಬರ್ತಿದ್ದರು, ಈ ಕಡೆ ಬಾಡಿಗೆ ಕೊಡೋಕಾಗದೆ.

ಡಿ3 ಅನ್ನೋ ಸಾಲು

ಫಾರ್ಮ್ 01ರ ಈ ಸಾಲನ್ನು (D3) ಹೆಚ್ಚಿನವರು ನೋಡೋದೇ ಇಲ್ಲ. ಕಾಂಟ್ರಿಬ್ಯೂಷನ್ಸ್ ಅಂತಿರುತ್ತೆ, ಲೆಕ್ಕದ ಕೋಡ್ 8980ರಿಂದ 8999. ಅನ್‌ರಿಸ್ಟ್ರಿಕ್ಟೆಡ್ ಕಾಲಂನಲ್ಲಿ ಬ್ರಾಕೆಟ್ಟಿನೊಳಗೆ, ರಿಸ್ಟ್ರಿಕ್ಟೆಡ್‌ನಲ್ಲಿ ಅದೇ ಅಂಕಿ ಬ್ರಾಕೆಟ್ಟಿಲ್ಲದೆ. ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದ ದುಡ್ಡು. ಅದರ ದೊಡ್ಡ ಭಾಗ ವಿಶೇಷ ಶಿಕ್ಷಣಕ್ಕೆ. 1975ರ ಕಾನೂನಿನಲ್ಲಿ ಅಂಗವೈಕಲ್ಯ ಇರುವ ಮಕ್ಕಳ ಶಿಕ್ಷಣದ ಹೆಚ್ಚುವರಿ ಖರ್ಚಿಗೆ ದೇಶದ ಸರಾಸರಿ ತಲಾ ಖರ್ಚಿನ ಶೇ. 40ರವರೆಗೆ ಕೊಡ್ತೀವಿ ಅಂತ ಒಕ್ಕೂಟ ಸರ್ಕಾರ ಹೇಳಿತ್ತು. ಸಾಮಾನ್ಯವಾಗಿ ಅದರ ಅರ್ಧವನ್ನೂ ಕೊಟ್ಟಿಲ್ಲ. ಕೊಡಬೇಕಾದ ಸೇವೆ ಮಾತ್ರ ಕಾನೂನಿನಲ್ಲಿ ಹಾಗೇ ಇದೆ, ಇರಬೇಕಾದ್ದೇ. ಒಟ್ಟು ಮಕ್ಕಳು ಕಡಿಮೆಯಾಗ್ತಿದ್ದರೂ ಈ ನೆರವು ಬೇಕಾದ ಮಕ್ಕಳು ಕಡಿಮೆಯಾಗ್ತಿಲ್ಲ, ಹಾಗಾಗಿ ಡಿ3 ವರ್ಷವರ್ಷ ಬೆಳೆಯುತ್ತೆ. ಸಭೆಯಲ್ಲಿ ಯಾರಾದರೂ ಎದ್ದು ನಿಂತು 'ಆ ಮಕ್ಕಳಿಗೆ ಅಷ್ಟು ಖರ್ಚು ಮಾಡ್ತೀರಿ' ಅಂತ ಶುರುಮಾಡ್ತಾರೆ, ಹಿಂದಿನ ಸಾಲಿನಲ್ಲಿ ಆ ಮಕ್ಕಳ ಅಮ್ಮಂದಿರು ಕೂತಿರುತ್ತಾರೆ. ಬೈಯೋದಿದ್ದರೆ ವಾಷಿಂಗ್ಟನ್‌ಗೆ ಪತ್ರ ಬರೆಯಲಿ.

ಒಮ್ಮೆ ಬರುವ ದುಡ್ಡು

ಕೋವಿಡ್ ಸಮಯದಲ್ಲಿ ಮೂರು ಕಾನೂನುಗಳ ಮೂಲಕ ದೇಶದ ಶಾಲೆಗಳಿಗೆ ಸುಮಾರು 190 ಬಿಲಿಯನ್ ಡಾಲರ್ ಬಂತು. ಅದರ ಕೊನೆಯ ಕಂತನ್ನು 2024ರ ಸೆಪ್ಟೆಂಬರ್ 30ರೊಳಗೆ ಇದಕ್ಕಿಷ್ಟು ಅಂತ ಗೊತ್ತುಮಾಡಬೇಕಿತ್ತು. ಆ ದುಡ್ಡಿನಲ್ಲಿ ಏರ್ ಫಿಲ್ಟರ್, ಲ್ಯಾಪ್‌ಟಾಪ್ ಕೊಂಡವರು ಇವತ್ತು ನೆಮ್ಮದಿಯಾಗಿದ್ದಾರೆ. ಕೌನ್ಸೆಲರ್, ರೀಡಿಂಗ್ ಟೀಚರ್ ಅಂತ ಕಾಯಂ ಹುದ್ದೆ ತುಂಬಿದವರಿಗೆ ದುಡ್ಡು ಮುಗಿದರೂ ಸಂಬಳ ಮುಗಿದಿಲ್ಲ. ನಿಮ್ಮ ಎಕ್ಸೆಲ್ ಹಾಳೆಯಲ್ಲಿ 2021ರಿಂದ 2024ರವರೆಗೆ ಶಿಲ್ಕು ಚೆನ್ನಾಗಿ ಕಾಣ್ತಿದ್ದು ಆಮೇಲೆ ಧೊಪ್ಪನೆ ಬಿದ್ದಿದ್ದರೆ ಕಾರಣ ಬಹುಶಃ ಇದೇ. ರಾಜ್ಯದ ಬೆಲೆಯೇರಿಕೆ ಹೊಂದಾಣಿಕೆಯೂ 2023-24ರಲ್ಲಿ ಶೇ. 8.22 ಇದ್ದದ್ದು ಮರು ವರ್ಷ ಶೇ. 1.07ಕ್ಕೆ ಇಳಿಯಿತು. ಎಂಟು ಬರುತ್ತೆ ಅಂತ ಮಾಡಿಕೊಂಡ ಸಂಬಳದ ಒಪ್ಪಂದ, ಒಂದು ಬಂದಾಗಲೂ ಜಾರಿಯಲ್ಲಿರುತ್ತೆ.

ಮೂರನೇ ವರ್ಷದ ಕಾಲಂ

ಮಲ್ಟಿ-ಇಯರ್ ಪ್ರೊಜೆಕ್ಷನ್‌ನಲ್ಲಿ ಈ ವರ್ಷ, ಮುಂದಿನ ಎರಡು ವರ್ಷ. ಜನ ಮೊದಲನೇ ಕಾಲಂ ನೋಡಿ ಮುಚ್ಚಿಬಿಡ್ತಾರೆ. ನೀವು ಕೊನೆಯದರಿಂದ ಶುರುಮಾಡಿ. ಅಲ್ಲಿ ಮೀಸಲು ಎಷ್ಟು ಉಳಿಯುತ್ತೆ? ಮಧ್ಯಮ ಗಾತ್ರದ, ಅಂದರೆ 1,001ರಿಂದ 30,000 ಎಡಿಎ ಇರುವ ಡಿಸ್ಟ್ರಿಕ್ಟ್ ಕನಿಷ್ಠ ಶೇ. 3 ಇಟ್ಟುಕೊಳ್ಳಬೇಕು. ಅದು ಹೆಚ್ಚೆಂದರೆ ಹನ್ನೊಂದು ದಿನದ ಖರ್ಚು. ಶೇ. 3.0 ಅಂತ ಅಚ್ಚುಕಟ್ಟಾಗಿ ಕೂತಿದ್ದರೆ ಯಾವುದೋ ಒಂದು ಸಾಲನ್ನು ಆ ಅಂಕಿಗೆ ಸರಿಹೊಂದಿಸಿದ್ದಾರೆ. 'ಮುಂದೆ ಗುರುತಿಸಲಾಗುವ ಕಡಿತ' ಅನ್ನೋ ಅರ್ಥದ ಸಾಲು ಹುಡುಕಿ. ಯಾವ ಶಾಲೆ, ಯಾವ ಹುದ್ದೆ ಅಂತಿಲ್ಲದೆ ಬರೀ ಮಿಲಿಯನ್‌ಗಳಿರುತ್ತೆ. ಮುಂದಿನ ಮಾರ್ಚ್‌ನ ನೋಟಿಸುಗಳು ಆ ಸಾಲಿನಲ್ಲಿ ಈಗಲೇ ಕೂತಿವೆ.

ಪ್ರತಿ ಇಂಟೆರಿಮ್‌ಗೂ ಒಂದು ಪ್ರಮಾಣಪತ್ರ ಇರುತ್ತೆ: ಪಾಸಿಟಿವ್, ಕ್ವಾಲಿಫೈಡ್, ನೆಗೆಟಿವ್. ಕ್ವಾಲಿಫೈಡ್ ಅಂದರೆ ಕಟ್ಟಬೇಕಾದ್ದು ಕಟ್ಟೋಕೆ ಆಗದೇ ಇರಬಹುದು, ನೆಗೆಟಿವ್ ಅಂದರೆ ಆಗೋಲ್ಲ. ಈ ವ್ಯವಸ್ಥೆ ಬಂದದ್ದೇ 1991ರಲ್ಲಿ ರಿಚ್‌ಮಂಡ್ ಡಿಸ್ಟ್ರಿಕ್ಟ್ ಕೈಯೆತ್ತಿ, ವರ್ಷದ ಮಧ್ಯೆ ಶಾಲೆ ಮುಚ್ಚುವ ಹಂತಕ್ಕೆ ಹೋದಮೇಲೆ. ಪ್ರಮಾಣಪತ್ರಕ್ಕಿಂತ ನಾನು ಹೆಚ್ಚು ನಂಬೋದು ಲೆಕ್ಕದ ಮೇಲೆ ಕಣ್ಣಿಡುವ ಕೌಂಟಿ ಸೂಪರಿಂಟೆಂಡೆಂಟ್ ಆಫೀಸಿನಿಂದ ಡಿಸ್ಟ್ರಿಕ್ಟ್‌ಗೆ ಬರುವ ಪತ್ರವನ್ನು. ಎರಡು ಮೂರು ಪುಟ, ತುಂಬಾ ಸೌಮ್ಯವಾದ ಇಂಗ್ಲಿಷು. 'ಕೊರತೆ ಖರ್ಚಿನ ಬಗ್ಗೆ ನಮಗೆ ಕಳವಳವಿದೆ' ಅಂತ ಬರೆದಿದ್ದರೆ, ಬೆಂಕಿ ಬಿದ್ದಿದೆ ಅಂತಲೇ ಓದಿಕೊಳ್ಳಿ. ವೆಬ್‌ಸೈಟಿನಲ್ಲಿ ಇಲ್ಲದಿದ್ದರೆ ಕೇಳಿ, ಕೊಡಲೇಬೇಕು, ಸಾರ್ವಜನಿಕ ದಾಖಲೆ.

ಆ ಪತ್ರಗಳನ್ನು ಬಹಳ ವರ್ಷ ಕಡೆಗಣಿಸಿದರೆ ಏನಾಗುತ್ತೆ ಅನ್ನೋದಕ್ಕೂ ಓಕ್ಲೆಂಡೇ ಉದಾಹರಣೆ. 2003ರಲ್ಲಿ ರಾಜ್ಯ 100 ಮಿಲಿಯನ್ ಡಾಲರ್‌ವರೆಗೆ ಸಾಲ ಮಂಜೂರು ಮಾಡಿ, ಬೋರ್ಡಿನ ಅಧಿಕಾರ ಕಿತ್ತುಕೊಂಡು, ತನ್ನ ಆಡಳಿತಗಾರನನ್ನು ಕೂರಿಸಿತು. ಬೋರ್ಡಿಗೆ ಅಧಿಕಾರ ಮರಳಿದ್ದು 2009ರಲ್ಲಿ. ಸಾಲ ಪೂರ್ತಿ ತೀರಿದ್ದು 2025ರಲ್ಲಿ. ಸಾಲ ತೀರಿದ ವರ್ಷವೂ ಅಲ್ಲಿ ಕೊರತೆಯ ಚರ್ಚೆಯೇ ನಡೆದಿತ್ತು.

ದಾರಿ ತಪ್ಪಿಸುವ ಮೂರು

ಲಾಟರಿ: ಬರೋದು ಬಜೆಟ್‌ನ ಶೇ. 1ರ ಹತ್ತಿರ. ಬಿಟ್ಟುಬಿಡಿ. ಬಾಂಡ್, ಅಂದರೆ ಮತದಾರರ ಒಪ್ಪಿಗೆಯಿಂದ ಎತ್ತುವ ಸಾಲ: ಸಂಬಳಕ್ಕೆ ದುಡ್ಡಿಲ್ಲ ಅಂತ ಅಳುವ ಡಿಸ್ಟ್ರಿಕ್ಟ್ ಹೊಸ ಜಿಮ್ ಕಟ್ಟುತ್ತಿದ್ದರೆ ಮೋಸ ಅಂದುಕೊಳ್ಳಬೇಡಿ. ಶೇ. 55 ಮತದಿಂದ ಪಾಸಾಗುವ ಬಾಂಡ್ ದುಡ್ಡನ್ನು ಕಟ್ಟಡಕ್ಕೆ ಬಿಟ್ಟು ಸಂಬಳಕ್ಕೆ ಮುಟ್ಟುವಂತಿಲ್ಲ. ಒಂದೊಂದು ನಿವೇಶನದ ಮೇಲೆ ಹಾಕುವ, ಸಂಬಳಕ್ಕೆ ಬಳಸಬಹುದಾದ ಪಾರ್ಸೆಲ್ ಟ್ಯಾಕ್ಸ್‌ಗೆ ಡಿಸ್ಟ್ರಿಕ್ಟ್ ಮತಕ್ಕಿಟ್ಟರೆ ಮೂರರಲ್ಲಿ ಎರಡು ಪಾಲು ಮತ ಬೇಕು, ಅದು ಸಿಗೋದು ಕಷ್ಟ. ಸೂಪರಿಂಟೆಂಡೆಂಟ್ ಸಂಬಳ: ನೋಡಿ ಹೊಟ್ಟೆ ಉರಿಯುತ್ತೆ ನಿಜ. ಪೂರ್ತಿ ಕಿತ್ತು ಹಾಕಿದರೂ ಮೇಲೆ ಹೇಳಿದ 96 ಮಕ್ಕಳ ನಷ್ಟದ ಅರ್ಧವೂ ತುಂಬೋಲ್ಲ.

ಸಭೆಗೆ ಹೋಗುವಾಗ

ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲೇ ಹಾಕಿರಬೇಕು. ಬಜೆಟ್ ಎಷ್ಟನೇ ಐಟಂ ಅಂತ ನೋಡಿಕೊಳ್ಳಿ, ರಾತ್ರಿ ಹತ್ತೂವರೆಯ ಮೇಲೆ ಬರುವ ಸಾಧ್ಯತೆಯೇ ಹೆಚ್ಚು. ಊಟ ಮಾಡಿಕೊಂಡೇ ಹೋಗಿ. ಮಾತಾಡೋಕೆ ಸಿಗೋದು ಎರಡು ಮೂರು ನಿಮಿಷ, ಜನ ಹೆಚ್ಚಿದ್ದರೆ ಒಂದೇ. 'ನಮ್ಮ ಮಕ್ಕಳ ಭವಿಷ್ಯ' ಅಂತ ಶುರುಮಾಡಿದರೆ ಬೋರ್ಡಿನವರು ತಲೆಯಾಡಿಸ್ತಾ ಕೂರ್ತಾರೆ, ಉತ್ತರ ಬರೋಲ್ಲ. ಅಂಕಿ ಕೇಳಿದರೆ ಚೀಫ್ ಬಿಸಿನೆಸ್ ಆಫೀಸರ್ ಪೆನ್ನು ಎತ್ತಿಕೊಳ್ಳಲೇಬೇಕು. ಫಂಡೆಡ್ ಎಡಿಎಗೂ ನಿಜವಾದ ಎಡಿಎಗೂ ಅಂತರ ಎಷ್ಟು, ಮೂರನೇ ವರ್ಷಕ್ಕೆ ಎಷ್ಟಾಗುತ್ತೆ? ಡಿ3 ಐದು ವರ್ಷದಲ್ಲಿ ಎಷ್ಟು ಬೆಳೆದಿದೆ? ಒಮ್ಮೆ ಬಂದ ದುಡ್ಡಿನಲ್ಲಿ ಈಗಲೂ ಎಷ್ಟು ಕಾಯಂ ಹುದ್ದೆ ನಡೀತಿವೆ? ಗುರುತಿಸದ ಕಡಿತವನ್ನು ಯಾವ ತಿಂಗಳೊಳಗೆ ಗುರುತಿಸ್ತೀರಿ? ಇವೇ ಪ್ರಶ್ನೆಗಳನ್ನು ಹಿಂದಿನ ದಿನ ಇಮೇಲ್ ಮಾಡಿರಿ. ನಮ್ಮ ಕಡೆಯ ಆಫೀಸರ್‌ಗೆ ಬರೆದಾಗ ಸಭೆಗೆ ಮೊದಲೇ ಹಾಳೆ ಸಮೇತ ಉತ್ತರ ಬಂದದ್ದುಂಟು. ಇಡೀ ವರ್ಷ ಬೈಗುಳ ಮಾತ್ರ ಕೇಳುವ ಆ ಮನುಷ್ಯನಿಗೆ ಯಾರೋ ಅಂಕಿ ಓದಿದ್ದಾರೆ ಅನ್ನೋದೇ ಸಂತೋಷ.

ಎಚ್-1ಬಿಯಲ್ಲಿದ್ದೀವಿ, ವೋಟಿಲ್ಲ, ನಮಗ್ಯಾಕೆ ಅನ್ನೋರು ಬಹಳ ಜನ. ಮಾತಾಡೋಕೆ ವೋಟು ಬೇಡ, ವೀಸಾ ಯಾರೂ ಕೇಳೋಲ್ಲ. ಸಾರ್ವಜನಿಕ ಸಭೆಗಳ ಬಗ್ಗೆ ಕ್ಯಾಲಿಫೋರ್ನಿಯಾದ ಕಾನೂನಾದ ಬ್ರೌನ್ ಆ್ಯಕ್ಟ್ ಪ್ರಕಾರ ಸಭೆಯಲ್ಲಿ ಕೂರೋಕೆ ಹೆಸರು ಬರೆಸಲೇಬೇಕು ಅಂತ ಒತ್ತಾಯಿಸುವಂತಿಲ್ಲ. ಚೀಟಿ ಕೊಟ್ಟರೆ ಐಟಂ ನಂಬರ್ ಬರೆದು ಕೊಡಿ, ನಿಮ್ಮ ಸರದಿ ಬಂದಾಗ ಮೈಕಿನ ಮುಂದೆ ಹೋಗಿ ಪುಟ ಸಂಖ್ಯೆ ಹೇಳಿ ಪ್ರಶ್ನೆ ಕೇಳಿ.